ಆವು

ಜಕ್ಕೂರು
22 ಜುಲೈ 2024

ವೇದವತಿ ಮೇಡಂ ಅವರಿಗೆ ನಿಮ್ಮ ಹಳೆಯ ವಿದ್ಯಾರ್ಥಿನಿ ಶಿಲ್ಪ ಮಾಡುವ ನಮಸ್ಕಾರಗಳು.

ಈ ಕಾಲದಲ್ಲಿ ಇವಳಿಗೆ ಕಾಗದ ಬರೆಯುವ ಹುಚ್ಚೇಕೆ ಬಂತು ಎಂದುಕೊಳ್ಳಬೇಡಿ. ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ. ನನ್ನ ಲ್ಯಾಪ್‌ಟಾಪನ್ನು ಕಂಪನಿಯವರು ತೆಗೆದುಕೊಂಡು ಹೋಗಿದ್ದಾರೆ. ಈ ವಿಷಯವಾಗಿ ಯಾರಿಗೂ ಮೇಲ್, ಮೆಸೇಜು ಮಾಡಕೂಡದು ಎಂದು ಅವರ ವಕೀಲರು ತಾಕೀತು ಮಾಡಿದ್ದಾರೆ. ಅಂಚೆಯ ಬಗ್ಗೆ ಏನೂ ಹೇಳಲಿಲ್ಲ, ಅದು ಇನ್ನೂ ಬದುಕಿದೆ ಎನ್ನುವುದು ಅವರಿಗೆ ಮರೆತಿರಬೇಕು. ಹೆಬ್ಬಾಳ ದಾಟಿದರೆ ನಿಮ್ಮ ಮನೆ, ಬಂದೇ ಹೇಳಬಹುದಿತ್ತು. ಆದರೆ ಎದುರು ಕೂತರೆ ನೀವು ಎರಡು ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹಳ್ಳಿಗಳ ಸಹಾಯವಾಣಿಯೊಂದಕ್ಕೆ ವ್ಯಾಕರಣ ಬರೆಯುವ ಕೆಲಸದಲ್ಲಿರುವುದು ನಿಮಗೆ ಗೊತ್ತು. ಜನ ಫೋನ್ ಮಾಡಿ ತೊಂದರೆ ಹೇಳಿಕೊಳ್ಳುತ್ತಾರೆ. ಯಂತ್ರ ಕೇಳಿಸಿಕೊಂಡು, ಮನುಷ್ಯರ ಸಂಕಟವಾದರೆ ಆಂಬುಲೆನ್ಸಿಗೆ, ದನಕರುಗಳದ್ದಾದರೆ ಪಶುವೈದ್ಯರಿಗೆ ದಾಟಿಸುತ್ತದೆ. ಯಾವ ಮಾತಿನ ಹಿಂದೆ ಯಾವ ಮಾತು ಬಂದರೆ ಯಾವ ಕಡೆಗೆ ಎನ್ನುವ ನಿಯಮಗಳು ನನ್ನವು. ನಿಮಗೆ ಪಾಠ ಹೇಳುತ್ತಿಲ್ಲ ಮೇಡಂ, ನಿನ್ನೆ ಪೊಲೀಸರಿಗೆ ವಿವರಿಸಿದ ಹಾಗೇ ಬರೆಯುತ್ತಿದ್ದೇನೆ. ನೀವು ಕಂಪ್ಯೂಟರ್ ಸೈನ್ಸ್ ತರಗತಿಯಲ್ಲಿ ಬೋರ್ಡಿನ ಮೇಲೆ ವೃತ್ತಗಳನ್ನು ಬರೆದು ಬಾಣ ಎಳೆಯುತ್ತಿದ್ದಿರಲ್ಲ, ಅದೇ. ಒಂದು ಮಾತು ಬಂದರೆ ಒಂದು ವೃತ್ತದಿಂದ ಇನ್ನೊಂದಕ್ಕೆ. ಗೊತ್ತಿಲ್ಲದ ಮಾತು ಬಂದರೆ ಬಿಟ್ಟು ಮುಂದಕ್ಕೆ. ಕೊನೆಯ ವೃತ್ತ ತಲುಪಿದರೆ ವಾಕ್ಯ ಸ್ವೀಕಾರವಾಯಿತು ಎಂದು ಲೆಕ್ಕ.

ಹೋದ ವಾರ, ರಾಜಾನುಕುಂಟೆಯಿಂದ ಒಳಗೆ ಇರುವ ಒಂದು ಊರಿನಲ್ಲಿ, ರಾಧಾಮಣಿ ಎನ್ನುವ ಹೆಂಗಸಿಗೆ ಬೆಳಿಗ್ಗೆ ಕನಕಾಂಬರ ಬಿಡಿಸುವಾಗ ಹಾವು ಕಚ್ಚಿದೆ. ಗಂಡ ವೆಂಕಟಸ್ವಾಮಿ ನಮ್ಮ ಸಹಾಯವಾಣಿಗೆ ಫೋನ್ ಮಾಡಿ "ಆವು ಕಚ್ಚೈತೆ" ಎಂದಿದ್ದಾರೆ. ನಮ್ಮ ಕಡೆಯವರ ಬಾಯಲ್ಲಿ ಹ ಇಲ್ಲ. ಹಾಲು ಆಲು, ಹೂವು ಊವು, ಹಾವು ಆವು. ನನ್ನ ನಿಯಮಗಳಲ್ಲಿ ಹಾವು ಇತ್ತು. ಆವು ಕೂಡ ಇತ್ತು, ಆದರೆ ಅದು ತೆಲುಗಿನ ಆವು. ಆ ಕಡೆ ಮನೆಯಲ್ಲಿ ತೆಲುಗು ಆಡುವವರು ಬಹಳ. ಅವರಿಗೆ ಆವು ಎಂದರೆ ಹಸು. ಯಂತ್ರ ಹಸುವಿನ ದಾರಿ ಹಿಡಿಯಿತು. ಹಸು ಎಲ್ಲಾದರೂ ಕಚ್ಚುತ್ತದೆಯೇ ಎಂದು ಅದು ಕೇಳುವುದಿಲ್ಲ. ನಾಮಪದ ಸರಿ, ಕ್ರಿಯಾಪದ ಸರಿ, ವಾಕ್ಯ ಸರಿ. "ನಿಮ್ಮ ಕೋರಿಕೆಯನ್ನು ಸ್ವೀಕರಿಸಲಾಗಿದೆ. ಡಾಕ್ಟರು ನಿಮ್ಮ ಮನೆಗೇ ಬರುತ್ತಾರೆ" ಎಂದಿತು.

ವೆಂಕಟಸ್ವಾಮಿ ಅದನ್ನು ನಂಬಿದರು. ಪಕ್ಕದ ಮನೆಯವರು ಲಗೇಜ್ ಆಟೋ ತಂದು, ಯಲಹಂಕದ ಆಸ್ಪತ್ರೆಗೆ ಹಾಕಿಕೊಂಡು ಹೋಗೋಣ ನಡಿ ಎಂದರಂತೆ. ಡಾಕ್ಟರು ಹೊರಟಿದ್ದಾರೆ, ನಾವು ಅತ್ತ ಹೋಗಿ ಅವರು ಇತ್ತ ಬಂದರೆ ಕಷ್ಟ ಎಂದು ಇವರು ಹೆಂಡತಿಯನ್ನು ಜಗಲಿಯ ಮೇಲೆ ಮಲಗಿಸಿಕೊಂಡು ಕಾದರು. ಮಧ್ಯಾಹ್ನ ಡಾಕ್ಟರು ಬಂದರು. ಜಗಲಿಯ ಸುತ್ತ ಜನ ಅಳುತ್ತಿರುವುದನ್ನು ನೋಡಿ, ಬ್ಯಾಗನ್ನು ಕೆಳಗಿಡದೆ, "ಹಸು ಎಲ್ಲಿ ಕಟ್ಟಿದೀರಿ?" ಎಂದು ಕೇಳಿದರಂತೆ.

ಸಹಾಯವಾಣಿಗೆ ದುಡ್ಡು ಹಾಕಿರುವ ಟ್ರಸ್ಟು ಒಂದು ವಿಚಾರಣಾ ಸಮಿತಿ ಮಾಡಿದೆ. ಕರೆ ಮಾಡಿದವರ ಮಾತು ಅಸ್ಪಷ್ಟವಾಗಿತ್ತು ಎಂದು ನಮ್ಮ ಮ್ಯಾನೇಜರ್ ವಿರೂಪಾಕ್ಷ ಆಗಲೇ ಬರೆದು ಕೊಟ್ಟಿದ್ದಾರೆ. ಆ ಮಾತು ನನಗೆ ಅಸ್ಪಷ್ಟವಲ್ಲ ಮೇಡಂ. ನಮ್ಮಮ್ಮ ದಿನಾ ಆಡುವ ಮಾತು. ನಾನು ಸಮಿತಿಯ ಎದುರು ಏನು ಹೇಳಬೇಕು?

ಇಂತಿ ನಿಮ್ಮ ವಿದ್ಯಾರ್ಥಿನಿ,
ಶಿಲ್ಪ


ಆರ್.ಟಿ. ನಗರ
30 ಜುಲೈ 2024

ಚಿ. ಶಿಲ್ಪಳಿಗೆ ಆಶೀರ್ವಾದಗಳು.

ಪೋಸ್ಟ್‌ಮ್ಯಾನ್ ಬೆಲ್ ಒತ್ತಿ ಒತ್ತಿ ಸಾಕಾಗಿ ನಿನ್ನ ಪತ್ರವನ್ನು ಗೇಟಿನ ಮೇಲಿಂದ ಎಸೆದು ಹೋಗಿದ್ದ. ಸಂಪಿಗೆ ಗಿಡದ ಬುಡದಲ್ಲಿ ಒದ್ದೆಯಾಗಿ ಬಿದ್ದಿತ್ತು. ಒಣಗಿಸಿ ಓದಿದೆ. ಎರಡನೆಯ ಸಲ ಓದುವಾಗ ಕೈಯಲ್ಲಿ ಕೆಂಪು ಪೆನ್ನಿತ್ತು, ಹಳೆಯ ಚಟ. ತಿದ್ದುವಂಥದ್ದೇನೂ ಇರಲಿಲ್ಲ. ಇಷ್ಟು ಅಚ್ಚುಕಟ್ಟಾಗಿ ನೀನು ಪರೀಕ್ಷೆಯಲ್ಲಿ ಬರೆದಿದ್ದರೆ ರ್‍ಯಾಂಕ್ ಬರುತ್ತಿತ್ತು.

ಆ ಹೆಂಗಸಿನ ಸಾವು ಕೇಳಿ ಸಂಕಟವಾಯಿತು. ಆದರೆ ಅವಳು ಸತ್ತದ್ದು ಹಾವಿನಿಂದ, ನಿನ್ನ ನಿಯಮದಿಂದ ಅಲ್ಲ. ಇದನ್ನು ಮೊದಲು ತಲೆಯಲ್ಲಿ ಇಟ್ಟುಕೋ. ನಮ್ಮ ಶಾಸ್ತ್ರದಲ್ಲಿ ಭಾಷೆ ಎಂದರೆ ಸಂಕೇತಗಳ ಸಾಲುಗಳ ಒಂದು ಗುಂಪು, ಅಷ್ಟೇ. ಯಾವ ಸಾಲು ಗುಂಪಿನ ಒಳಗೆ, ಯಾವುದು ಹೊರಗೆ ಎಂದು ಹೇಳಿದರೆ ವ್ಯಾಕರಣದ ಕೆಲಸ ಮುಗಿಯಿತು. ಅದನ್ನು ಯಾರು, ಯಾವ ಸಂಕಟದಲ್ಲಿ, ಏನೆಂದುಕೊಂಡು ಹೇಳಿದರು ಎನ್ನುವುದು ನಮ್ಮ ಪಾಠದಲ್ಲಿಲ್ಲ. ಮೊದಲ ದಿನದ ತರಗತಿಯಲ್ಲೇ ಇದನ್ನು ಹೇಳಿದ್ದೆ. ನೀನು ಕಿಟಕಿಯ ಹತ್ತಿರ ಕೂತು ಜಕ್ಕೂರಿನ ಕಡೆ ಇಳಿಯುವ ವಿಮಾನ ನೋಡುತ್ತಿದ್ದೆ ಅಂತ ಕಾಣುತ್ತದೆ.

ನಿನ್ನ ಮೊದಲ ವೈವಾ ನೆನಪಿದೆಯಾ? ಯಂತ್ರ ನಿಲ್ಲುತ್ತದೋ ಇಲ್ಲವೋ ಎನ್ನುವ ಆ ಪ್ರಸಿದ್ಧ ಹಾಲ್ಟಿಂಗ್ ಸಮಸ್ಯೆಗೆ ನೀನು "ಆಲ್ಟಿಂಗ್ ಪ್ರಾಬ್ಲಮ್" ಎಂದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ನಕ್ಕುಬಿಟ್ಟರು. ಅವತ್ತಿನಿಂದ ದಿನಾ ಸಂಜೆ ನಿನ್ನನ್ನು ಕೂರಿಸಿಕೊಂಡು ತಿದ್ದಿದೆ. ಈಗ ನಿನ್ನ ಮಾತು ಕೇಳಿದರೆ ನೀನು ಎಲ್ಲಿಯವಳು ಎಂದು ಯಾರಿಗೂ ಗೊತ್ತಾಗುವುದಿಲ್ಲ. ನನ್ನ ವೃತ್ತಿಯಲ್ಲಿ ನನಗೆ ಹೆಮ್ಮೆ ತಂದ ಕೆಲಸಗಳಲ್ಲಿ ಅದೂ ಒಂದು.

ಸಮಿತಿ ಕೇಳಿದ್ದಕ್ಕೆ ಉತ್ತರ ಕೊಡು. ಕೇಳದ್ದನ್ನು ಹೇಳಬೇಡ. ಹೊಟ್ಟೆಗೆ ಸರಿಯಾಗಿ ತಿನ್ನು.

ಶುಭ ಕೋರುವ,
ವೇದವತಿ


ಜಕ್ಕೂರು
18 ಆಗಸ್ಟ್ 2024

ಮೇಡಂ,

ಹೆಬ್ಬಾಳದ ಟ್ರಸ್ಟಿನ ಕಚೇರಿಯಲ್ಲಿ ಸಮಿತಿ ಸೇರಿತ್ತು. ಅಲ್ಲಿ ಕರೆಯ ಧ್ವನಿಮುದ್ರಣ ಹಾಕಿದರು. ನಾನು ಅಲ್ಲಿಯವರೆಗೆ ಯಂತ್ರದ ದಾಖಲೆಯಲ್ಲಿ ಮಾತ್ರ ನೋಡಿದ್ದೆ. "ನಮ್ ಎಂಡ್ರುಗೆ ಆವು ಕಚ್ಚೈತೆ, ಬೇಗ ಬನ್ನಿ ಸಾಮಿ." ಅಷ್ಟೇ. ಗಾಬರಿ ಇದೆ, ಆದರೆ ಒಂದು ಅಕ್ಷರವೂ ತೊದಲಿಲ್ಲ.

ನಮ್ಮ ಯಂತ್ರಕ್ಕೆ 'ಎಂಡ್ರುಗೆ' ಗೊತ್ತಿರಲಿಲ್ಲ, ಬಿಟ್ಟು ಮುಂದೆ ಹೋಯಿತು. ಅದಕ್ಕಿಂತ ಕೆಟ್ಟದ್ದು ಆಮೇಲೆ ಆಗಿದೆ. ಸಮಿತಿಗೆಂದು ಧ್ವನಿಯನ್ನು ಕೇಳಿ ಬರಹಕ್ಕೆ ಇಳಿಸಿದವನು ಯಾರೋ ಬುದ್ಧಿವಂತ, ಇವರು ಹ ಬಿಡುತ್ತಾರೆ ಎಂದು ತಿಳಿದಿದ್ದವನು, ಆ 'ಎಂಡ್ರು'ವನ್ನು ಅರ್ಧ ಕೇಳಿಸಿಕೊಂಡು, ಒಂದು ಹ ಸೇರಿಸಿ 'ಹೆಂಡ' ಎಂದು ಬರೆದಿದ್ದಾನೆ. ಅವನೇ 'ಆವು'ಗೆ ಹ ಸೇರಿಸಲಿಲ್ಲ, ಯಾಕೆಂದರೆ ಆವು ನಮ್ಮ ಪದಪಟ್ಟಿಯಲ್ಲೇ ಇತ್ತು. ವಿರೂಪಾಕ್ಷ ಅವರು ಅದನ್ನು ಓದಿ, ಕರೆ ಮಾಡಿದಾತ ಹೆಂಡದ ವಿಷಯ ಮಾತಾಡುತ್ತಿದ್ದ, ಕುಡಿದಿದ್ದ, ಆದ್ದರಿಂದಲೇ ಮಾತು ಅಸ್ಪಷ್ಟ ಎಂದು ಸಮಿತಿಗೆ ವರದಿ ಕೊಟ್ಟಿದ್ದಾರೆ. ಹೆಂಡತಿ ಎಂದದ್ದು ಹೆಂಡವಾಯಿತು ಮೇಡಂ.

ಆ ವರದಿ ಊರಿಗೂ ಹೋಯಿತು. ರಾಧಾಮಣಿಯ ತಮ್ಮ ಮುನೀಂದ್ರ ಬಾಗಲಗುಂಟೆಯಲ್ಲಿ ಇದ್ದಾನೆ. ಅವನು ಬಂದು, "ಕುಡ್ದು ಬಾಯಿಗ್ ಬಂದಂಗ್ ಒದ್ರಿ ನಮ್ಮಕ್ಕನ್ನ ಸಾಯಿಸ್ದೋನು, ನಿನ್ನತ್ರ ಮಗೀನ್ ಬಿಡಕಿಲ್ಲ" ಎಂದು ಅವರ ಮಗಳು ಪದ್ಮಶ್ರೀಯನ್ನು ಕರೆದುಕೊಂಡು ಹೋಗಿದ್ದಾನೆ. ಇನ್ನೂ ಒಂದನೇ ಕ್ಲಾಸಿನ ಮಗು. ತಾಯಿ ಸತ್ತ ತಿಂಗಳಲ್ಲೇ ತಂದೆಯೂ ಇಲ್ಲದ ಹಾಗಾಯಿತು. ವೆಂಕಟಸ್ವಾಮಿ ಕುಡಿಯುವವರೇ ಅಲ್ಲವಂತೆ, ಊರಿನಲ್ಲಿ ಎಲ್ಲರಿಗೂ ಗೊತ್ತು. ಆದರೂ ಟೈಪಾಗಿ ಬಂದ ಕಾಗದದ ಮುಂದೆ ಊರಿಗೆ ಗೊತ್ತಿರುವುದು ನಿಲ್ಲುವುದಿಲ್ಲ.

ಅವರು ಸಮಿತಿಗೆ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೈ ಕಟ್ಟಿಕೊಂಡು ನಿಂತು, "ನಾನ್ ಕುಡ್ದಿರ್ನಿಲ್ಲ ಸಾಮಿ, ಎಂಡ್ರಾಣೆ" ಎಂದರು. ಸಮಿತಿಯವರೊಬ್ಬರು ಮುಂದಕ್ಕೆ ಬಾಗಿ, "ಏನು? ಇನ್ನೊಂದು ಸಲ ಸ್ಪಷ್ಟವಾಗಿ ಹೇಳಿ" ಎಂದರು. ಅವರು ಇನ್ನೊಂದು ಸಲ ಹೇಳಲಿಲ್ಲ. ನನ್ನ ಕಡೆ ನೋಡಿದರು. ಯಾಕೆ ನೋಡಿದರೋ, ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ನಾನು ತಲೆ ತಗ್ಗಿಸಿದೆ.

ಈಗ ನಿಮಗೆ ಒಂದು ಮಾತು ನೆನಪಿಸಬೇಕು. ನಿಯಮಗಳನ್ನು ಬರೆಯುತ್ತಿದ್ದ ಕಾಲದಲ್ಲಿ ನಾನು ಒಂದು ಮಧ್ಯಾಹ್ನ ನಿಮ್ಮ ಮನೆಗೆ ಬಂದಿದ್ದೆ. ನೀವು ಅವಲಕ್ಕಿ ಒಗ್ಗರಣೆ ಮಾಡಿದ್ದಿರಿ. ಆಗ ನನ್ನ ಪಟ್ಟಿಯಲ್ಲಿ ಆವು ಎರಡು ಕಡೆ ಇತ್ತು, ಹಸುವಿನ ಕೆಳಗೊಂದು, ಹಾವಿನ ಕೆಳಗೊಂದು. ಒಂದೇ ವಾಕ್ಯಕ್ಕೆ ಎರಡು ಅರ್ಥ ಬರುತ್ತಿದೆ, ಸಂದಿಗ್ಧ ಎಂದು ಪರೀಕ್ಷಿಸುವ ಸಾಫ್ಟ್‌ವೇರು ತಕರಾರು ಮಾಡುತ್ತಿತ್ತು. ಏನು ಮಾಡಲಿ ಎಂದು ನಿಮ್ಮನ್ನು ಕೇಳಿದೆ. "ತೆಲುಗಿನದು ಒಂದು ಭಾಷೆಯ ಪದ. ನಿನ್ನದು ತಪ್ಪು ಉಚ್ಚಾರಣೆ. ತಪ್ಪಿಗೆ ಯಾರಾದರೂ ನಿಯಮ ಬರೀತಾರೇನೆ?" ಎಂದು ನಕ್ಕಿರಿ. ನಾನು ಅಲ್ಲೇ ಕೂತು ಅಳಿಸಿದೆ. ನೀವು ಕೈ ಹಿಡಿದು ಅಳಿಸಲಿಲ್ಲ, ಒಪ್ಪುತ್ತೇನೆ. ಅಳಿಸಿದಾಗ ನನಗೆ ಹಗುರವೇ ಆಯಿತು. ಸೂಟುಬೂಟಿನವರ ಎದುರು ಆ ಪಟ್ಟಿ ತೆರೆದಾಗ ನಮ್ಮ ಮನೆಯ ಮಾತು ಅಲ್ಲಿ ಕಾಣುವುದಿಲ್ಲವಲ್ಲ ಎಂದು.

ಅದು ಅಲ್ಲೇ ಇದ್ದಿದ್ದರೆ ಯಂತ್ರ ಗೊಂದಲಕ್ಕೆ ಬೀಳುತ್ತಿತ್ತು. ಗೊಂದಲವಾದರೆ ತಿರುಗಿ ಕೇಳು ಎನ್ನುವ ನಿಯಮ ಮೊದಲಿನಿಂದ ಇದೆ. ಹಸುವೋ, ಹಾವೋ ಎಂದು ಒಂದು ಸಲ ಕೇಳುತ್ತಿತ್ತು. ರಾಧಾಮಣಿ ಬದುಕುತ್ತಿದ್ದರು.

ಸಮಿತಿಗೆ ಬಂದು ಇದನ್ನು ಹೇಳಿ ಮೇಡಂ. ಆ ಮನುಷ್ಯನ ಮಾತು ಸ್ಪಷ್ಟವಾಗಿತ್ತು, ದೋಷ ನಮ್ಮದು ಎಂದು. ನಾನು ಹೇಳಿದರೆ ಕಂಪನಿಯ ನೌಕರಳೊಬ್ಬಳ ಮಾತು. ನೀವು ಹೇಳಿದರೆ ಕೇಳುತ್ತಾರೆ, ಅಲ್ಲಿ ಕೂತಿರುವ ಇಂಜಿನಿಯರು ನಿಮ್ಮ ಪುಸ್ತಕ ಓದಿ ಪಾಸಾದವರು. ವೆಂಕಟಸ್ವಾಮಿಗೆ ಮಗಳು ವಾಪಸು ಸಿಗಬೇಕಾದರೆ ಕುಡಿದಿರಲಿಲ್ಲ ಎಂದು ಯಾರಾದರೂ ಬರೆಯಬೇಕು.

ನಿಮ್ಮ,
ಶಿಲ್ಪ


ಆರ್.ಟಿ. ನಗರ
2 ಸೆಪ್ಟೆಂಬರ್ 2024

ಶಿಲ್ಪಳಿಗೆ,

ನಿನ್ನ ಪತ್ರ ಬರುವ ಮೊದಲೇ ವಿರೂಪಾಕ್ಷ ಎನ್ನುವವರು ಮನೆಗೆ ಬಂದಿದ್ದರು. ಮರ್ಯಾದಸ್ಥ. ಶೂ ಬಿಚ್ಚಿ ಒಳಗೆ ಬಂದರು. ನಿಯಮಗಳನ್ನೂ ಆ ಕರೆಯ ಧ್ವನಿಮುದ್ರಣವನ್ನೂ ಕೊಟ್ಟು, ಒಬ್ಬ ತಜ್ಞೆಯಾಗಿ ನನ್ನ ಅಭಿಪ್ರಾಯ ಕೇಳಿದರು. ಬರೆದು ಕೊಟ್ಟಿದ್ದೇನೆ. ಈ ವ್ಯಾಕರಣದಲ್ಲಿ ಸಂದಿಗ್ಧತೆ ಇಲ್ಲ, ಪ್ರತಿಯೊಂದು ವಾಕ್ಯಕ್ಕೂ ಒಂದೇ ವಿಶ್ಲೇಷಣೆ ಬರುತ್ತದೆ, ವ್ಯಾಕರಣ ದೋಷರಹಿತವಾಗಿದೆ, ಆದ್ದರಿಂದ ದೋಷ ಒಳಬಂದ ವಾಕ್ಯದ್ದು. ಇಷ್ಟೇ. ಇದರಲ್ಲಿ ಸುಳ್ಳು ಯಾವುದು ಹೇಳು. ನಿನ್ನ ಕೆಲಸ ಚೆನ್ನಾಗಿದೆ ಎಂದೇ ಬರೆದಿದ್ದೇನೆ, ನಿನ್ನನ್ನು ಉಳಿಸಿದ್ದೇನೆ.

ಆ ಮಧ್ಯಾಹ್ನ ಅವಲಕ್ಕಿ ಮಾಡಿದ್ದು ನೆನಪಿದೆ. ಉಳಿದದ್ದು ನೆನಪಿಲ್ಲ.

ವೇದವತಿ


ಜಕ್ಕೂರು
9 ಸೆಪ್ಟೆಂಬರ್ 2024

ಮೇಡಂ,

ಸುಳ್ಳು ಯಾವುದು ಎಂದು ಕೇಳಿದ್ದೀರಿ. ಒಂದೂ ಇಲ್ಲ. ನಿಮ್ಮ ಅಭಿಪ್ರಾಯವನ್ನು ಸಮಿತಿಯಲ್ಲಿ ಜೋರಾಗಿ ಓದಿದರು. ಒಂದೊಂದು ವಾಕ್ಯವೂ ಸರಿಯಾಗಿದೆ. 'ದೋಷ ಒಳಬಂದ ವಾಕ್ಯದ್ದು' ಎನ್ನುವಲ್ಲಿಗೆ ಬಂದಾಗ ವೆಂಕಟಸ್ವಾಮಿ ಪಕ್ಕದವರನ್ನು, ಅಂದರೆ ಏನು ಎಂದು ಕೇಳಿದರು. "ನೀವು ಹೇಳಿದ್ದೇ ತಪ್ಪಂತೆ" ಎಂದು ಅವರು ತಿಳಿಸಿದರು. ನಿಮ್ಮ ಶಾಸ್ತ್ರದ ವಾಕ್ಯ ಕನ್ನಡದಲ್ಲಿ ಹಾಗೆ ಇಳಿಯಿತು.

ನೀವು ನನ್ನನ್ನು ಉಳಿಸಿದ್ದೀರಂತೆ. ನಾನು ಯಾವಾಗ ಕೇಳಿದೆ? ನನಗೆ ಸಿಟ್ಟು ಬಂದಿದೆ ಮೇಡಂ. ಇಷ್ಟು ದಿನ ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳಬಹುದು ಎನ್ನುವುದೇ ನನಗೆ ಹೊಳೆದಿರಲಿಲ್ಲ. ನಿಮಗೆ ನೆನಪಿಲ್ಲ ಎನ್ನುವುದನ್ನು ನಾನು ನಂಬುವುದಿಲ್ಲ. ಹದಿನೈದು ವರ್ಷದ ಹಿಂದಿನ ವೈವಾದ ಒಂದು ಅಕ್ಷರ ನೆನಪಿಟ್ಟುಕೊಂಡವರಿಗೆ ಮೊನ್ನೆ ಮೊನ್ನೆಯದು ಮರೆಯುತ್ತದೆಯೇ?

ಶಿಲ್ಪ


ಜಕ್ಕೂರು
3 ನವೆಂಬರ್ 2024

ಮೇಡಂ,

ನಿಮ್ಮಿಂದ ಉತ್ತರ ಬರಲಿಲ್ಲ. ನಾನೂ ನಿರೀಕ್ಷಿಸಲಿಲ್ಲ. ಆದರೂ ಗೇಟಿನ ಸದ್ದಾದಾಗಲೆಲ್ಲ ನೋಡುತ್ತಿದ್ದೆ.

ನಾನು ಸಮಿತಿಗೆ ಎಲ್ಲವನ್ನೂ ಹೇಳಿದೆ. ಪದ ಪಟ್ಟಿಯಲ್ಲಿದ್ದದ್ದು, ಅಳಿಸಿದ್ದು, ಎಂಡ್ರು ಎಂದರೆ ಹೆಂಡತಿ ಎನ್ನುವುದು. ಹೇಳುವಾಗ ನಮ್ಮ ಮನೆಯ ಮಾತಿನಲ್ಲೇ ಆಡಿ ತೋರಿಸೋಣ ಎಂದು ಹೊರಟೆ. "ನಮ್ಮ ಹೆಂಡತಿಗೆ" ಎಂದು ಬಂತು. ಇನ್ನೊಂದು ಸಲ ಪ್ರಯತ್ನಿಸಿದೆ, ನಾಟಕದವರ ಹಳ್ಳಿ ಭಾಷೆಯ ಹಾಗೆ ಕೇಳಿಸಿತು. ಯಾರೋ ನಕ್ಕರು. ನನ್ನ ಬಾಯಿಂದ ಅದು ಹೋಗಿಬಿಟ್ಟಿದೆ. ಕೊನೆಗೆ ಅಧ್ಯಕ್ಷರು, ಪ್ರೊಫೆಸರ್ ವೇದವತಿಯವರ ಲಿಖಿತ ಅಭಿಪ್ರಾಯ ಇರುವಾಗ ಇದನ್ನು ಹೇಗೆ ಒಪ್ಪುವುದು ಎಂದರು.

ಕಂಪನಿಯವರು ನನ್ನನ್ನು ಕೆಲಸದಿಂದ ತೆಗೆದರು. ಅದೇನೂ ದೊಡ್ಡದಲ್ಲ, ತಣಿಸಂದ್ರದಲ್ಲಿ ಬೇರೆ ಕೆಲಸ ಸಿಕ್ಕಿದೆ. ವೆಂಕಟಸ್ವಾಮಿ ತೋಟಕ್ಕೆ ಹೋಗುವುದನ್ನು ಬಿಟ್ಟಿದ್ದಾರೆ. ದೀಪಾವಳಿಗೆ ಮಗಳನ್ನು ನೋಡಲು ಬಾಗಲಗುಂಟೆಗೆ ಹೋದರೆ ಮುನೀಂದ್ರ ಬಾಗಿಲಲ್ಲೇ ನಿಲ್ಲಿಸಿ, ಬಾಯಿ ಮೂಸಿ ನೋಡಿ ಒಳಗೆ ಬಿಟ್ಟನಂತೆ. ಮಗು ಅದನ್ನು ನೋಡುತ್ತಾ ನಿಂತಿತ್ತಂತೆ. ಅವರ ಪಕ್ಕದ ಮನೆಯವರು ಹೇಳಿದರು. ವೆಂಕಟಸ್ವಾಮಿ ತಾವಾಗಿ ಈಗ ಯಾರ ಹತ್ತಿರವೂ ಹೆಚ್ಚು ಮಾತಾಡುವುದಿಲ್ಲ.

ಇದಕ್ಕೆ ಉತ್ತರ ಬೇಡ.

ಶಿಲ್ಪ


ಆರ್.ಟಿ. ನಗರ
21 ಡಿಸೆಂಬರ್ 2024

ಶಿಲ್ಪ,

ಉತ್ತರ ಬೇಡ ಎಂದಿದ್ದೆ. ನಾನು ಯಾವತ್ತು ವಿದ್ಯಾರ್ಥಿಗಳ ಮಾತು ಕೇಳಿದ್ದೇನೆ, ಈಗ ಕೇಳಲಿಕ್ಕೆ.

ಕಿವಿಗೆ ಮಿಷನ್ ಹಾಕಿಸಿಕೊಳ್ಳಲು ಹೋಗಿದ್ದೆ. ಬಾಗಿಲು ಹಾಕಿದ ಒಂದು ಪುಟ್ಟ ಕೋಣೆಯಲ್ಲಿ ಕೂರಿಸುತ್ತಾರೆ. ಗಜಾಲಾ ಎನ್ನುವ ಹುಡುಗಿ ಹೊರಗಿನಿಂದ ಮೈಕಿನಲ್ಲಿ ಒಂದೊಂದೇ ಪದ ಹೇಳುತ್ತಾಳೆ, ಕೇಳಿಸಿದ್ದನ್ನು ನಾನು ತಿರುಗಿ ಹೇಳಬೇಕು. ನಾನು ಆರ ಎಂದೆ, ಆಸಿಗೆ ಎಂದೆ, ಅಗ್ಗ ಎಂದೆ. ಗಾಜಿನಾಚೆ ಅವಳು ಒಂದೊಂದಕ್ಕೂ ಅಡ್ಡ ಗೆರೆ ಎಳೆಯುವುದು ಕಾಣುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಒಂದು ಪರೀಕ್ಷೆಯಲ್ಲಿ ಸಾಲಾಗಿ ತಪ್ಪು ಮಾಡಿದೆ. ನಾನು ತಪ್ಪು ಹೇಳುತ್ತಿಲ್ಲ, ಕೇಳಿಸಿದ್ದನ್ನೇ ಹೇಳುತ್ತಿದ್ದೇನೆ ಎಂದು ಕೂಗಬೇಕೆನಿಸಿತು.

ಹೊರಗೆ ಬಂದ ಮೇಲೆ ಅವಳು ಕಿವಿಯ ಹತ್ತಿರ ಬಾಯಿಟ್ಟು, "ಆಂಟಿ, ನಿಮಗೆ ಹ ಕೇಳಿಸ್ತಾನೇ ಇಲ್ಲ. ತುಂಬಾ ಮೆಲ್ಲಗಿನ ಸೌಂಡ್ ಅಲ್ವಾ, ಬೇಗ ಹೋಗ್ಬಿಡುತ್ತೆ" ಎಂದಳು. ಯಾವಾಗಿನಿಂದ ಎಂದು ಕೇಳಿದೆ. "ತುಂಬಾ ವರ್ಷನೇ ಆಗಿರುತ್ತೆ. ನಿಮಗೆ ಗೊತ್ತಾಗಿರಲ್ಲ. ಮಾತಿನ ಅರ್ಥ ನೋಡ್ಕೊಂಡು ನೀವೇ ಹಾಕ್ಕೊಂಡಿರ್ತೀರ" ಎಂದಳು.

ಮನೆಗೆ ಬಂದು, ವಿರೂಪಾಕ್ಷ ಬಿಟ್ಟುಹೋಗಿದ್ದ ಆ ಧ್ವನಿಮುದ್ರಣವನ್ನು ಮೊದಲ ಸಲ ಹಾಕಿದೆ. ಹೌದು, ಮೊದಲ ಸಲ. ನಿಯಮಗಳನ್ನು ಓದಿ ಅಭಿಪ್ರಾಯ ಬರೆದಿದ್ದೆ. ಆ ಮನುಷ್ಯನ ದನಿ ಕೇಳುವ ಅಗತ್ಯ ನನಗೆ ಕಂಡಿರಲಿಲ್ಲ. ಹೊಸ ಮಿಷನ್ ತೆಗೆದಿಟ್ಟು, ದನಿ ಜೋರು ಮಾಡಿ, ನನ್ನ ಕೆಟ್ಟ ಕಿವಿಯಲ್ಲೇ ಕೇಳಿದೆ. ಅವನು ಹಾವು ಎಂದನೋ ಆವು ಎಂದನೋ ನನಗೆ ಹೇಳಲು ಬರುವುದಿಲ್ಲ. ಹೆಂಡ್ರು ಎಂದನೋ ಎಂಡ್ರು ಎಂದನೋ ಅದೂ ಗೊತ್ತಿಲ್ಲ. ಆದರೆ ಒಬ್ಬ ಗಂಡಸು ತನ್ನ ಹೆಂಡತಿಗೆ ಹಾವು ಕಚ್ಚಿದೆ, ಬನ್ನಿ ಎಂದು ಬೇಡಿಕೊಳ್ಳುತ್ತಿದ್ದಾನೆ ಎಂದು ಮೊದಲ ಸಲಕ್ಕೇ ತಿಳಿಯಿತು. ಕಿವುಡಿಗೆ ತಿಳಿಯಿತು ಕಣೇ. ಅದನ್ನು ಅಸ್ಪಷ್ಟ ಎಂದರು, ನಾನು ಸಹಿ ಹಾಕಿದೆ.

ನನಗೆ ನಾಚಿಕೆಯಾಗಿದೆ. ಈ ವಯಸ್ಸಿನಲ್ಲಿ ನಾಚಿಕೆ ಪಡುವುದು ಸುಲಭವಲ್ಲ, ಅಭ್ಯಾಸ ತಪ್ಪಿರುತ್ತದೆ.

ಅಭಿಪ್ರಾಯವನ್ನು ಹಿಂದಕ್ಕೆ ಪಡೆದಿದ್ದೇನೆ. ಆಟೋ ಮಾಡಿಕೊಂಡು ಹೋಗಿ ಅಧ್ಯಕ್ಷರ ಕೈಗೇ ಕೊಟ್ಟು ಬಂದೆ. ಆ ವ್ಯಾಕರಣದಲ್ಲಿ ಸಂದಿಗ್ಧತೆ ಇಲ್ಲದಿರುವುದೇ ದೋಷ, ಇರಬೇಕಾದ ಸಂದಿಗ್ಧತೆಯನ್ನು ನನ್ನ ಮಾತಿನ ಮೇಲೆ ತೆಗೆಯಲಾಯಿತು, ಕರೆ ಮಾಡಿದವರ ಮಾತು ಸ್ಪಷ್ಟವಾಗಿದೆ ಎಂದು ಬರೆದಿದ್ದೇನೆ. ಅವಲಕ್ಕಿಯ ದಿನ ನೆನಪಿಲ್ಲ ಎಂದದ್ದು ಸುಳ್ಳು.

ಇದನ್ನು ಓದಿ ನೀನು ಮನೆಗೆ ಬರಬೇಕು ಅಂತಲ್ಲ. ಬಂದರೆ ಬೆಲ್ ಒತ್ತಬೇಡ, ಹಿಂದಿನ ಬಾಗಿಲು ತೆರೆದೇ ಇರುತ್ತದೆ.

ವೇದವತಿ


ಜಕ್ಕೂರು
16 ಫೆಬ್ರವರಿ 2025

ಮೇಡಂ ಅವರಿಗೆ ನಮಸ್ಕಾರಗಳು.

ಸಮಿತಿಯ ಹೊಸ ವರದಿ ಬಂತು. ಅದರ ಒಂದು ಪ್ರತಿ ನಿಮಗೂ ತಲುಪಿರಬಹುದು. ಕರೆ ಮಾಡಿದವರ ಮಾತು ಸ್ಪಷ್ಟವಾಗಿತ್ತು, ಅವರು ಮದ್ಯ ಸೇವಿಸಿದ್ದರು ಎನ್ನಲು ಯಾವ ಆಧಾರವೂ ಇಲ್ಲ ಎಂದು ಬರೆದಿದ್ದಾರೆ. ಮುನೀಂದ್ರನಿಗೆ ನಾನೇ ಓದಿ ಹೇಳಿದೆ. ಅವನು, "ನಂಗೇನ್ ಗೊತ್ತು ಮೇಡಂ, ಅಂಗಂತ ಬರ್ದಿದ್ರು" ಎಂದ. ಮಾರನೆಯ ದಿನ ಮಗುವನ್ನು ಊರಿಗೆ ಬಿಟ್ಟು ಬಂದ.

ಇವತ್ತು ಭಾನುವಾರ, ನಾನು ವೆಂಕಟಸ್ವಾಮಿಯವರ ಊರಿಗೆ ಹೋಗಿದ್ದೆ. ನಾನು ಯಾರು, ಏನು ಮಾಡಿದವಳು ಎಂದು ಅವರ ಎದುರು ನಿಂತು ಹೇಳಬೇಕಿತ್ತು. ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಒಳ್ಳೆಯದಿತ್ತು. ಅವರು ಒಳಗೆ ಹೋಗಿ ನೀರು ತಂದು ಕೊಟ್ಟರು. ವರದಿಯ ಆ ಸಾಲನ್ನು ಇನ್ನೊಂದು ಸಲ ಓದಿಸಿಕೊಂಡರು. "ಕುಡ್ದಿರ್ನಿಲ್ಲ ಅಂತ ಬರ್ದವ್ರೆ ಅಲ್ವಾ?" ಎಂದು ಕೇಳಿದರು. ಹೌದು ಎಂದೆ. ಕಾಗದವನ್ನು ಮಡಿಸಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು.

ಆಮೇಲೆ ಕೇಳಿದರು, "ಈಗ ಆ ಪೋನಿಗೆ ಆವು ಅಂದ್ರೆ ತಿಳೀತದಾ?"

ಸಹಾಯವಾಣಿಯನ್ನು ಬೇರೆ ಕಂಪನಿಗೆ ಕೊಟ್ಟಿದ್ದಾರೆ. ಅವರ ಯಂತ್ರವೇ ಬೇರೆ. ಅದರೊಳಗೆ ಏನಿದೆ, ಏನಿಲ್ಲ ಎಂದು ಹೊರಗಿನವರಿಗೆ ಗೊತ್ತಾಗುವ ದಾರಿ ಇಲ್ಲ. ಗೊತ್ತಿಲ್ಲ ಎಂದು ನಿಜವನ್ನೇ ಹೇಳಿದೆ.

ಅವರು ತಲೆಯಾಡಿಸಿ, ಒಳಗಿದ್ದ ಪದ್ಮಶ್ರೀಯನ್ನು ಕರೆದು ನನ್ನ ಪಕ್ಕ ಕೂರಿಸಿದರು. "ನೀವೂ ನಮ್ ಕಡೆಯೋರೇ ಅಂತೆ. ನಿಮ್ಗೆ ಬತ್ತದಲ್ಲ, ಪೋನಿಗೆ ತಿಳಿಯಂಗೆ ಆಡೋದು. ನಂಗಂತೂ ನಾಲ್ಗೆ ತಿರ್ಗಲ್ಲ, ದಿನಾ ನೋಡ್ತೀನಿ, ಆಗಾಕಿಲ್ಲ. ಈ ಮಗೀಗಾರ ಏಳ್ಕೊಡಿ" ಎಂದರು.

ಬೇಡ ಎಂದೆ ಮೇಡಂ. ನಿಮ್ಮ ಮಾತು ಸರಿಯಾಗಿಯೇ ಇದೆ, ಕಲಿಯಬೇಕಾದದ್ದು ಯಂತ್ರ, ಮಗು ಅಲ್ಲ ಎಂದೆ. ಜೇಬಿನಲ್ಲಿರುವ ಕಾಗದದಲ್ಲೂ ಅದೇ ಬರೆದಿದೆ ಎಂದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡರು. "ಅದೆಲ್ಲ ಸರಿ ಕಣವ್ವ. ನಾಳೆ ನಂಗೇ ಏನಾರ ಆಗ್ತದೆ ಅಂತಿಟ್ಕೊಳಿ. ಪೋನ್ ಮಾಡೋಳು ಇವ್ಳೇ ಅಲ್ವಾ? ಅವತ್ತು ಯಾರು ಸರಿ ಅಂತ ಕೂತ್ಕಂಡು ಇಚಾರ್ಸಕಾಯ್ತದಾ?" ಎಂದರು.

ನಾನು ಹೇಳಿಕೊಟ್ಟೆ. ನೀವು ನನಗೆ ಹೇಳಿಕೊಟ್ಟ ಹಾಗೇ, ಅಂಗೈಯನ್ನು ಬಾಯಿಯ ಮುಂದೆ ಹಿಡಿದು, ಉಸಿರು ಕೈಗೆ ತಾಗುವವರೆಗೆ. ಮಗು ಚುರುಕು. ಆವು, ಆವು ಎನ್ನುತ್ತಾ ಇದ್ದವಳು ಸ್ವಲ್ಪ ಹೊತ್ತಿಗೆಲ್ಲ ಹಾವು ಎಂದಳು. ವೆಂಕಟಸ್ವಾಮಿ ಇನ್ನೊಂದು ಸಲ ಹೇಳಿಸಿದರು, ಮತ್ತೊಂದು ಸಲ ಹೇಳಿಸಿದರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಅಳು ಬಂತು, ಚಪ್ಪಲಿ ಹಾಕಿಕೊಳ್ಳುವ ನೆಪ ಮಾಡಿ ಈ ಕಡೆ ತಿರುಗಿದೆ.

ಹೊರಡುವಾಗ ಅವರು ರಸ್ತೆಯ ತನಕ ಬಂದರು. ಪದ್ಮಶ್ರೀ ಅಂಗೈಯನ್ನು ಬಾಯಿಯ ಮುಂದೆ ಹಿಡಿದುಕೊಂಡೇ ಹಿಂದೆ ಓಡಿ ಬಂದಳು, ಕಲಿತದ್ದನ್ನು ನನಗೆ ಒಪ್ಪಿಸಬೇಕೆಂದು. ತಂದೆಯ ಕೈ ಹಿಡಿದು ಜಗ್ಗಿ, ಮುಖ ನೋಡುತ್ತಾ, ಬಹಳ ಜಾಗರೂಕತೆಯಿಂದ, "ಹಪ್ಪ" ಎಂದು ಕರೆದಳು. ಅವರು ತಿದ್ದಲಿಲ್ಲ. "ಏನವ್ವ" ಎಂದು ಓಗೊಟ್ಟರು.

ನಿಮ್ಮ,
ಶಿಲ್ಪ